ಗಾಡಿಯ ನಂಬರು, ಮಗಳ ಮನೆಯ ಪ್ಲಗ್ಗು

ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು. ಬೋರ್ಡಿನ ಮೇಲೆ ಒಂದು ಸಂಖ್ಯೆ ಬರೆದರೆ ನಾನೇ ಅಳಿಸುವ ತನಕ ಅದು ಅಲ್ಲೇ ಇರಬೇಕು. ಅಂಥವಳ ಕೈಗೆ ಈ ಕರೆಂಟಿನ ಕಾರು ಬಂತು ನೋಡಿ! ಸ್ಟೇರಿಂಗಿನ ಹಿಂದೆ ಒಂದು ನಂಬರು ಹೊಳೆಯುತ್ತಿರುತ್ತದೆ, ಇನ್ನು ಇಷ್ಟು ಕಿಲೋಮೀಟರು ಹೋಗಬಹುದು ಅಂತ. ಕೊಟ್ಟೂರಿನ ನಮ್ಮ ಮನೆಯಿಂದ ಹೊರಡುವಾಗ ನೂರ ತೊಂಬತ್ತು. ಹತ್ತು ಕಿಲೋಮೀಟರು ಓಡಿಸಿದರೆ ನೂರ ಎಂಬತ್ತು ಆಗಬೇಕಲ್ಲ? ಒಂದನೇ ಕ್ಲಾಸಿನ ಮಕ್ಕಳು ಮಾಡುವ ಕಳೆಯುವ ಲೆಕ್ಕ. ಇಲ್ಲ, ನೂರ ಅರವತ್ತೆಂಟು ತೋರಿಸುತ್ತಿತ್ತು. ಇನ್ನೊಂದಿಷ್ಟು ದೂರ ಹೋದರೆ ನೂರ ಎಪ್ಪತ್ತಮೂರು. ಹೋದ ದಾರಿ ಎಲ್ಲಾದರೂ ವಾಪಸ್ ಬರುತ್ತದೇನು? ಮೊದಮೊದಲು ಸಿಟ್ಟು ತಡೆಯದೆ ಡ್ಯಾಶ್‌ಬೋರ್ಡಿಗೆ ಒಂದೆರಡು ಏಟು ಕೊಟ್ಟದ್ದೂ ಉಂಟು.

ನಮ್ಮ ಮನೆಯವರು ಆ ಗಾಡಿ ಹತ್ತುವುದಿಲ್ಲ. ಕಾರಿನಲ್ಲಿ ಕೂತರೆ ಅವರಿಗೆ ತಲೆ ತಿರುಗಿ ವಾಂತಿ ಬರುತ್ತದೆ. ಎಲ್ಲಿಗೆ ಹೋದರೂ ಬಸ್ಸೇ ಆಗಬೇಕು, ಅದೂ ಕಿಟಕಿ ಪಕ್ಕದ ಸೀಟು. ನಾನು ನಂಬರಿನ ಮೇಲೆ ಹರಿಹಾಯುವುದನ್ನು ಕಟ್ಟೆಯ ಮೇಲೆ ಕೂತು ಕೇಳುತ್ತಾ ನಗುತ್ತಿದ್ದರು. "ಬಸ್ಸಿಗೆ ಹಡಗಲಿ ಅಂತ ಬೋರ್ಡ್ ಹಾಕಿದ್ರ ಅದು ಹಡಗಲಿಗೇ ಹೋಗ್ತೈತಿ. ನಿನ್ನ ಗಾಡಿ ಗಳಿಗಿಗೊಂದು ಮಾತಾಡ್ತೈತಿ, ಥೇಟ್ ನಿನ್ನಂಗ." ಈ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದೆನೋ ಆ ದೇವರಿಗೇ ಗೊತ್ತು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಪೂರ್ತಿ ಚಾರ್ಜಾದ ಗಾಡಿ ಬರೀ ನೂರ ಐವತ್ತೆರಡು ತೋರಿಸಿತು. ಬ್ಯಾಟರಿ ಕೆಟ್ಟೇ ಹೋಯಿತು ಎಂದುಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಆ ಗ್ಯಾರೇಜಿನ ಮೇಸ್ತ್ರಿ ಏಳನೇ ಕ್ಲಾಸಿನಲ್ಲಿ ನನ್ನ ಕೈಯಲ್ಲೇ ಕಲಿತವನು. ಅವನ ಅಪ್ಪ ಅದೇ ಜಾಗದಲ್ಲಿ ಜೀಪು ರಿಪೇರಿ ಮಾಡುತ್ತಿದ್ದರು. ಇವನಿಗೆ ಈಗ ನಲವತ್ತು ದಾಟಿದೆ, ಗಡ್ಡದಲ್ಲಿ ಬಿಳಿ ಬಂದಿದೆ, ಆದರೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಅವನು ಬಾನೆಟ್ಟು ಕೂಡ ತೆಗೆಯಲಿಲ್ಲ. "ನಿನ್ನೆ ಗಾಡಿ ಯಾರು ಓಡಿಸಿದ್ರು ಟೀಚರ್?" ಅಂದ.

"ನನ್ನ ತಮ್ಮ. ಕೂಡ್ಲಿಗಿಗೆ ಒಯ್ದಿದ್ದ."

"ಹೈವೇ ಹತ್ತಿದ್ರೇನು?"

"ಹತ್ಯಾನ. ನೂರರ ಮ್ಯಾಲ ಹೋತು ಅಕ್ಕ, ಏನ್ ಗಾಡಿ ಅಂತ ಬಂದು ಕುಣಿದ."

ಮೇಸ್ತ್ರಿ ನಕ್ಕುಬಿಟ್ಟ. "ಬ್ಯಾಟ್ರಿಗೆ ಏನೂ ಆಗಿಲ್ರಿ, ಪೂರಾ ತುಂಬೈತಿ. ಆದ್ರ ಎಷ್ಟು ದೂರ ಹೋಗ್ತೀನಿ ಅಂತ ಅದಕ್ಕೇನು ಗೊತ್ತು? ಮುಂದಿನ ದಾರಿ ಅದು ಕಂಡಿಲ್ಲ. ಹಿಂದಿನ ದಾರ್‍ಯಾಗ ಕಿಲೋಮೀಟರಿಗೆ ಎಷ್ಟು ಕರೆಂಟ್ ತಿಂದೀನಿ ಅಂತ ನೋಡ್ತೈತಿ, ಮುಂದೂ ಅಷ್ಟೇ ತಿಂತೀನಿ ಅಂತ ಹೇಳ್ತೈತಿ. ನಿಮ್ಮ ತಮ್ಮಾರು ಓಡಿಸಿದ್ದು ಅದರ ತಲ್ಯಾಗ ಕುಂತೈತಿ. ನಾಕು ದಿನ ನೀವು ನಿಮ್ಮಂಗ ಓಡ್ಸ್ರಿ, ತಾನೇ ಮ್ಯಾಲೇರ್ತೈತಿ."

"ಅಂದ್ರ ಅದು ಅಳತಿ ಅಲ್ಲ, ಅಂದಾಜು?"

"ಸರಾಸರಿ ರೀ ಟೀಚರ್! ನೀವೇ ಕಲಿಸಿದ್ದು. ನನಗ ಬರಲಿಲ್ಲ ಅಂತ ಗೆಣ್ಣಿನ ಮ್ಯಾಲ ಹೊಡದಿದ್ರಿ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎಸಿ ಹಾಕಿದರೆ, ಹಿಂದೆ ಚೀಲ ಹೇರಿದರೆ, ಗಾಲಿಗೆ ಗಾಳಿ ಕಡಿಮೆಯಾದರೆ ನಂಬರು ಇಳಿಯುತ್ತದೆ ಅಂತಲೂ ಹೇಳಿದ. ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಸ್ಪೀಡು ಮತ್ತು ಎದುರುಗಾಳಿ ಅಂದ. ಅವನು ಹೇಳಿದ ಹಾಗೇ ಆಯಿತು. ನಾನು ಐವತ್ತರ ಮೇಲೆ ಮುಳ್ಳು ಏರಿಸುವವಳಲ್ಲ. ಮೂರು ದಿನದಲ್ಲಿ ನಂಬರು ಮತ್ತೆ ನೂರ ತೊಂಬತ್ತಕ್ಕೆ ಬಂದು ನಿಂತಿತು.

ಆ ನಂಬರಿನ ಬಗ್ಗೆ ನನಗೆ ಅಷ್ಟು ಚಿಂತೆ ಯಾಕೆ ಅಂತ ಹೇಳಬೇಕು. ನಮ್ಮ ಒಬ್ಬಳೇ ಮಗಳನ್ನು ಹಡಗಲಿಯಾಚೆ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಅಳಿಯನದು ಮಲ್ಲಿಗೆ ತೋಟ. ನಮ್ಮ ಮನೆಯಿಂದ ಎಪ್ಪತ್ತಕ್ಕೆ ಎರಡು ಕಿಲೋಮೀಟರು ಕಡಿಮೆ. ಹೋಗಿ ಬರಲು ನೂರ ಮೂವತ್ತಾರು. ನಮ್ಮ ಅತ್ತೆಯವರ ಕಾಲದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಗಳಿಗೆ ಮಗುವಾಗುವ ತನಕ ಹೆತ್ತವರು ಅವಳ ಗಂಡನ ಮನೆಯಲ್ಲಿ ಊಟವಿರಲಿ, ನೀರು ಕೂಡ ಮುಟ್ಟುವ ಹಾಗಿಲ್ಲ. ಮಗಳ ಮದುವೆಯಾಗಿ ಆರು ವರ್ಷವಾಗಿತ್ತು. ಮಗು ಆಗಿರಲಿಲ್ಲ.

ಹಾಗಾಗಿ ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಒಂದು ತಾಸು ಕೂರುತ್ತಿದ್ದೆ, ಎದ್ದು ಬರುತ್ತಿದ್ದೆ. ಮನೆಯವರು ಬೇರೆ ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಗಳು ಬಾಗಿಲಲ್ಲಿ ತಂಬಿಗೆ ನೀರು ಕೊಟ್ಟರೆ ಕಾಲಿಗೆ ಹಾಕಿಕೊಳ್ಳುತ್ತಿದ್ದೆ. ಒಳಗೆ ಕುಡಿಯಲು ಕೊಟ್ಟರೆ ಪಕ್ಕಕ್ಕೆ ಸರಿಸಿ ಇಡುತ್ತಿದ್ದೆ. ಹಸಿವಾಗುತ್ತಿರಲಿಲ್ಲವೇ? ಆಗುತ್ತಿತ್ತು. ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದೆ. ಬರುವಾಗ ಹಡಗಲಿಗೆ ಮುಂಚೆ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಕಿಟಕಿ ಏರಿಸಿಕೊಂಡು, ರೊಟ್ಟಿ ಚಟ್ನಿ ತಿಂದು ಬರುತ್ತಿದ್ದೆ. ಇನ್ನು ಗಾಡಿಯ ವಿಷಯ. ನೀರನ್ನೇ ಮುಟ್ಟದವಳು ಕರೆಂಟು ಮುಟ್ಟಲಾದೀತೇ? ಹೀಗಂತ ಯಾರೂ ಹೇಳಿರಲಿಲ್ಲ. ಅತ್ತೆಯವರ ಕಾಲದಲ್ಲಿ ಇಂಥ ಕಾರೇ ಇರಲಿಲ್ಲ. ಆ ಕಲಮನ್ನು ಸೇರಿಸಿದವಳು ನಾನೇ. ಒಂದೇ ಚಾರ್ಜಿನಲ್ಲಿ ಹೋಗಿ ಬರಬೇಕು, ಮಗಳ ಮನೆಯ ಪ್ಲಗ್ಗಿಗೆ ಕೈ ಹಾಕಬಾರದು ಅಂತ.

ಹೋದ ವರ್ಷ ಆಷಾಢದಲ್ಲಿ ಒಂದು ಸಂಜೆ ಮಗಳ ಫೋನು ಬಂತು. ನಾಳಿದ್ದು ಬರುತ್ತೇನೆ ಅಂತ ನಾನು ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ಆ ಮಾತು ಈ ಮಾತು ಆಡಿ, ಕೊನೆಗೆ ಅಂದಳು: "ಅವ್ವ, ನೀ ಬರಬ್ಯಾಡ."

"ಯಾಕ? ಊರಿಗೆ ಹೊಂಟೀರೇನು?"

"ಇಲ್ಲ. ನೀ ಬಂದು ಹೋದ್ರ ನನಗ ಎರಡು ದಿನ ಜೀವಕ್ಕ ಸಮಾಧಾನ ಇರಂಗಿಲ್ಲ. ಇನ್ನ ಬರಬ್ಯಾಡ." ಫೋನ್ ಇಟ್ಟುಬಿಟ್ಟಳು.

ಹೆತ್ತ ಮಗಳು ತಾಯಿಗೆ ಬರಬೇಡ ಅನ್ನುವುದೇ? ನನಗೆ ಮೊದಲು ಬಂದದ್ದು ಸಿಟ್ಟು. ದುಃಖ ಆಮೇಲೆ ಬಂತು. ಮನೆಯವರಿಗೆ ಹೇಳಿದರೆ ಅವರು ನೆಲ ನೋಡುತ್ತಾ "ಹೋಗಿ ಕೇಳು, ಹೋಗದ ಇರಬ್ಯಾಡ" ಅಂದರು, ಅಷ್ಟೇ. ಹೋಗಲೇಬೇಕು, ಮುಖ ನೋಡಿ ಕೇಳಲೇಬೇಕು ಅನ್ನಿಸಿತು. ಕೇಳದೆ ಬಿಟ್ಟರೆ ಈ ಮಗಳು ನನಗೆ ಇಲ್ಲವಾಗುತ್ತಾಳೆ ಎಂಬ ಹೆದರಿಕೆಯಿತ್ತು.

ಮರುದಿನ ಅವಳಿಗೆಂದು ತೆಗೆದಿಟ್ಟಿದ್ದ ಜೋಳದ ಚೀಲ, ಶೇಂಗಾ ಚೀಲ ಹಿಂದೆ ಹಾಕಿಕೊಂಡು ಹೊರಟೆ. ಹಗರಿಬೊಮ್ಮನಹಳ್ಳಿಯ ತನಕ ಸರಿಯಾಗೇ ಇತ್ತು. ಅಲ್ಲಿಂದ ರಸ್ತೆ ಪಡುವಣಕ್ಕೆ ತಿರುಗುತ್ತದೆ, ಆಷಾಢದ ಗಾಳಿ ಬರುವುದೂ ಪಡುವಣದಿಂದ. ಮುಖಕ್ಕೆ ಮುಖ ಕೊಟ್ಟು ಬೀಸುತ್ತಿತ್ತು. ಹೊಲದ ಧೂಳೆಲ್ಲ ರಸ್ತೆಯ ಮೇಲೆ ಹರಿಯುತ್ತಿತ್ತು. ಕಿಟಕಿ ಏರಿಸಿ ಎಸಿ ಹಾಕಿಕೊಂಡೆ. ಐವತ್ತರ ಮೇಲೆ ಹೋಗದವಳು ಆ ದಿನ ಎಂಬತ್ತು, ತೊಂಬತ್ತು ಹೋದೆ. ಮನಸ್ಸಿನಲ್ಲಿ ಮಗಳ ಜೊತೆ ಜಗಳ ನಡೆದೇ ಇತ್ತು. ಏನು ಕಡಿಮೆ ಮಾಡಿದ್ದೆ ನಿನಗೆ? ಮಗು ಯಾಕಾಗಿಲ್ಲ ಅಂತ ಒಂದು ದಿನ ಬಾಯಿ ಬಿಟ್ಟು ಕೇಳಿದ್ದೇನೆಯೇ? ಬೇರೆ ತಾಯಂದಿರಾದರೆ ಡಾಕ್ಟರು, ದೇವರು, ಹರಕೆ ಅಂತ ಜೀವ ತಿನ್ನುತ್ತಿದ್ದರು. ನಾನು ಆ ಮಾತನ್ನೇ ಎತ್ತಿದವಳಲ್ಲ. ಈ ಜಗಳದಲ್ಲಿ ನಂಬರಿನ ಕಡೆ ನೋಡಲೇ ಇಲ್ಲ.

ಮಗಳ ಮನೆಯ ಮುಂದೆ ನಿಲ್ಲಿಸಿದಾಗ ಅದು ಐವತ್ತೆಂಟು ತೋರಿಸುತ್ತಿತ್ತು. ವಾಪಸ್ ಹೋಗಲು ಅರವತ್ತೆಂಟು ಬೇಕು.

ಕೂತಲ್ಲೇ ಕೂತೆ. ಮಗಳು ಬಾಗಿಲಿಗೆ ಬಂದಳು, ತಂಬಿಗೆ ಕೈಯಲ್ಲಿತ್ತು. ಬರಬೇಡ ಅಂದವಳು ಬಾ ಅನ್ನಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. "ಯಾಕ, ಇಳಿಯಂಗಿಲ್ಲೇನು?" ಅಂದಳು. ನಾನು ನಂಬರು ತೋರಿಸಿದೆ. ಅವಳಿಗೂ ಗಣಿತ ಕಲಿಸಿದವಳು ನಾನೇ, ಬೇಗ ತಿಳಿಯಿತು.

"ನಮ್ಮ ಬಚ್ಚಲದಾಗ ಗೀಸರ್ ಪ್ಲಗ್ ಐತಿ. ಹಿಂದಿಂದ ತಂದು ನಿಲ್ಸು, ಹಾಕೋಣ."

"ಬ್ಯಾಡವ್ವ. ನಿಮ್ಮಪ್ಪಗ ಫೋನ್ ಮಾಡ್ತೀನಿ, ಟ್ರಾಕ್ಟರೋ ಗೂಡ್ಸ್ ಗಾಡಿನೋ ಕಳಿಸ್ತಾನ."

"ಕೊಟ್ಟೂರಿಂದ ಇಲ್ಲಿಗೆ ಟ್ರಾಕ್ಟರು? ಊರ ಮಂದಿ ನಗೂದು ಬ್ಯಾಡೇನು?"

ನನ್ನ ಉತ್ತರಕ್ಕೆ ಕಾಯದೆ ಡಿಕ್ಕಿಯಿಂದ ಚಾರ್ಜಿನ ವೈರು ತೆಗೆದುಕೊಂಡು ಹೋದಳು. ಬಚ್ಚಲ ಕಿಟಕಿಯಿಂದ ಅದನ್ನು ಹೊರಗೆ ಬಿಟ್ಟಳು. ನಾನು ಗಾಡಿಯನ್ನು ಹಿತ್ತಲಿಗೆ ತಂದು ಸಿಕ್ಕಿಸಿದೆ. ಮನೆಯ ಪ್ಲಗ್ಗಿನಲ್ಲಿ ತುಂಬುವುದು ನಿಧಾನ. ಎರಡು ತಾಸಾದರೂ ಬಿಡಬೇಕು. ಆಗ ಹನ್ನೆರಡು ಗಂಟೆ. ಅವಸರದಲ್ಲಿ ಬುತ್ತಿಯನ್ನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟು ಬಂದದ್ದು ಆಗ ನೆನಪಾಯಿತು.

ಪಡಸಾಲೆಯಲ್ಲಿ ಕೂತೆವು. ಆರು ವರ್ಷದಲ್ಲಿ ಆ ಮನೆಯಲ್ಲಿ ಒಂದು ತಾಸಿಗಿಂತ ಹೆಚ್ಚು ಕೂತವಳಲ್ಲ ನಾನು. ಏನು ಮಾತಾಡುವುದು? ಅವಳು ಮೊಗ್ಗಿನ ಬುಟ್ಟಿ ಒರೆಸಿಟ್ಟಳು, ಜೋಳ ಡಬ್ಬಿಗೆ ಸುರಿದಳು. ನಾನು ಎದ್ದು ಎದ್ದು ಹೋಗಿ ನಂಬರು ನೋಡಿ ಬರುತ್ತಿದ್ದೆ. ಒಂದು ಗಂಟೆಗೆ ಕರೆಂಟು ಹೋಯಿತು. ಸತ್ತೆನಪ್ಪಾ ಅಂದುಕೊಂಡೆ. ಫ್ಯಾನೂ ನಿಂತು ಮನೆಯ ಸದ್ದೆಲ್ಲ ಅಡಗಿತು. ನನ್ನ ಹೊಟ್ಟೆ ಗುರ್ ಅಂದದ್ದು ಇಬ್ಬರಿಗೂ ಕೇಳಿಸಿತು.

ಮಗಳು ಒಳಗಿಂದ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟಳು. ಎದುರಿಗೆ ಕೂತಳು. ನನ್ನ ಕೈ ತನ್ನಷ್ಟಕ್ಕೆ ತಾನೇ ಲೋಟವನ್ನು ಪಕ್ಕಕ್ಕೆ ಸರಿಸಿತು. ದೇವರಾಣೆ, ಯೋಚಿಸಿ ಮಾಡಿದ್ದಲ್ಲ.

"ನೋಡಿದ್ಯಾ?" ಅಂದಳು. "ನಿನ್ನ ಗಾಡಿಗೆ ನಮ್ಮನಿ ಕರೆಂಟ್ ನಡೀತೈತಿ. ನಿನಗ ನಮ್ಮನಿ ನೀರು ನಡಿಯಂಗಿಲ್ಲ."

"ಪದ್ಧತಿ ಐತವ್ವ, ನಿಮ್ಮಜ್ಜಿ..."

"ಆರು ವರ್ಷ ಆತು ಅವ್ವ. ನೀ ಬಂದಾಗೊಮ್ಮೆ ಲೋಟ ತುಂಬಿ ಇಡ್ತೀನಿ, ನೀ ಹೋದ ಮ್ಯಾಲ ಹಂಗೇ ಒಯ್ದು ಗಿಡಕ್ಕ ಚೆಲ್ಲತೀನಿ. ಊರ ಮಂದಿ ಮಕ್ಕಳಾಗಲಿಲ್ಲೇನು ಅಂದ್ರ ಬಾಗಲಾ ಹಾಕ್ಕೊಂಡು ಒಳಗ ಬರ್ತೀನಿ. ನೀ ಒಳಗೇ ಬಂದು ಕುಂತು ಕೇಳ್ತೀದಿ."

"ನಾ ಯಾವತ್ತರ ಕೇಳೀನೇನು?" ನನ್ನ ದನಿ ಏರಿತ್ತು.

"ಬಾಯಿಲೆ ಕೇಳಿದ್ರ ಉತ್ತರ ಕೊಡ್ತಿದ್ದೆ." ಅವಳ ದನಿ ಏರಲಿಲ್ಲ. "ಹೋದ ತಿಂಗಳು ನಿಮ್ಮ ಅಳಿಯ ಹಡಗಲಿಗೆ ಹೂವು ಹಾಕಿ ಬರುವಾಗ ನಿನ್ನ ನೋಡ್ಯಾರ. ಬೇವಿನ ಗಿಡದ ಕೆಳಗ ಕಾರಿನ್ಯಾಗ ಕಿಟಕಿ ಏರಿಸ್ಕೊಂಡು ಬುತ್ತಿ ಉಣ್ಣಾಕತ್ತಿದ್ದಿ ಅಂತ. ಮನಿಗೆ ಬಂದು ನನಗ ಹೇಳಿ, ಅವರೂ ಅವತ್ತು ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ."

ನಾಚಿಕೆ ಅಂದರೆ ಏನು ಅಂತ ಆ ವಯಸ್ಸಿನಲ್ಲಿ ಗೊತ್ತಾಯಿತು. ದಾರಿಯುದ್ದಕ್ಕೂ ಹೆಮ್ಮೆಪಟ್ಟುಕೊಂಡು ಬಂದಿದ್ದೆನಲ್ಲ, ಒಂದು ದಿನವೂ ಕೇಳಿದವಳಲ್ಲ ಅಂತ! ಬಂದಾಗಲೆಲ್ಲ ಕೇಳಿದ್ದೆ. ಲೋಟ ಸರಿಸಿದಾಗ ಕೇಳಿದ್ದೆ, ಊಟದ ಹೊತ್ತಿಗೆ ಎದ್ದು ನಿಂತಾಗ ಕೇಳಿದ್ದೆ. ನಿನಗಿನ್ನೂ ಮಗುವಾಗಿಲ್ಲ, ನಿನ್ನ ಮನೆ ಇನ್ನೂ ಮನೆಯಾಗಿಲ್ಲ ಅಂತ ತಿಂಗಳಿಗೊಮ್ಮೆ ಅಷ್ಟು ದೂರದಿಂದ ಬಂದು ಹೇಳಿ ಹೋಗಿದ್ದೆ. ಅವಳಿಗೆ ನೋವಾಗಬಾರದು ಅಂತಲೇ ಬಾಯಿ ಕಟ್ಟಿಕೊಂಡಿದ್ದವಳು ನಾನು.

ಲೋಟ ತೆಗೆದುಕೊಂಡು ಕುಡಿದೆ. ಪೂರ್ತಿ ಕುಡಿದೆ. ಆಮೇಲೆ ಕೇಳಿದೆ, "ಅಡಿಗಿ ಏನ್ ಮಾಡೀದಿ?"

ಅವಳು ನನ್ನ ಮುಖವನ್ನೇ ನೋಡಿದಳು. "ರೊಟ್ಟಿ, ಪುಂಡಿಪಲ್ಯ. ಬದನಿಕಾಯಿ ಮಾಡ್ಲೇನು? ಹತ್ತು ನಿಮಿಷ ಆಗ್ತೈತಿ ಅವ್ವ, ಮಾಡಿಬಿಡ್ತೀನಿ."

"ಇದ್ದದ್ದು ಹಾಕು. ಹಸಿವಿಗೆ ಕಣ್ಣಿಗೆ ಕತ್ತಲಿ ಬರಾಕತ್ತೈತಿ."

ಹಾಕಿದಳು. ಹಾಕಿ ಕೂರಲಿಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ನಾನು ಮೊದಲ ತುತ್ತು ಬಾಯಿಗಿಡುವುದನ್ನೇ ನೋಡಿದಳು. "ಉಪ್ಪು ಸಾಕೇನು?" ಅಂದಳು. ನಮ್ಮ ಮನೆಯಲ್ಲಿದ್ದಾಗ ಇವಳು ಚಹಾ ಬಿಟ್ಟರೆ ಏನೂ ಮಾಡಿದವಳಲ್ಲ, ಓದಲಿ ಅಂತ ನಾನೇ ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಮಗಳು ಅಡುಗೆ ಕಲಿತು ಆರು ವರ್ಷವಾದ ಮೇಲೆ ಅವಳ ಕೈರುಚಿ ನೋಡಿದೆ. ಪುಂಡಿಪಲ್ಯ ನನ್ನದಕ್ಕಿಂತ ಚೆನ್ನಾಗಿತ್ತು. ಸಾಕು ಅನ್ನಲು ಹೋದೆ, ಅಳು ಬಂತು. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಅವಳು ಬಂದು ಪಕ್ಕದಲ್ಲಿ ಕೂತಳು, ನನ್ನ ತಟ್ಟೆಯಿಂದಲೇ ಒಂದು ತುಂಡು ಮುರಿದು ತಾನೂ ತಿಂದಳು.

ಎರಡೂವರೆಗೆ ಕರೆಂಟು ಬಂತು. ಅಷ್ಟೊತ್ತಿಗೆ ಅಳಿಯ ತೋಟದಿಂದ ಬಂದರು. ತಟ್ಟೆ ನೋಡಿದರು, ನನ್ನನ್ನು ನೋಡಿದರು, "ಅತ್ತಿಯಾರಿಗೆ ಮಜ್ಜಿಗಿ ಹಾಕಿದ್ಯಾ?" ಅಂತ ಹೆಂಡತಿಯನ್ನು ಕೇಳಿ ಕೈಕಾಲು ತೊಳೆಯಲು ಹೋದರು. ಪುಣ್ಯಾತ್ಮ! ಐದು ಗಂಟೆಯ ತನಕ ಇದ್ದೆ. ಎರಡು ಸಲ ಚಹಾ ಕುಡಿದೆ. ಮಗಳು ತಾನು ಹೋಗಿದ್ದ ಡಾಕ್ಟರ ಬಗ್ಗೆ, ನುಂಗಿದ ಮಾತ್ರೆಗಳ ಬಗ್ಗೆ, ಎರಡು ಸಲ ಬಸಿರು ನಿಂತಂತಾಗಿ ಹೋದದ್ದರ ಬಗ್ಗೆ ಎಲ್ಲ ಹೇಳಿದಳು. ಎರಡು ಸಲ! ನನಗೆ ಒಂದೂ ಗೊತ್ತಿರಲಿಲ್ಲ. ಹೇಳುವಷ್ಟು ಹೊತ್ತು ನಾನು ಎಂದಾದರೂ ಅಲ್ಲಿ ಕೂತಿದ್ದರೆ ತಾನೇ?

ಹೊರಟಾಗ ಗಾಡಿ ನೂರ ಒಂಬತ್ತು ತೋರಿಸುತ್ತಿತ್ತು. ಬರುವ ದಾರಿಯಲ್ಲಿ ಗಾಳಿ ಬೆನ್ನಿಗಿತ್ತು. ಚೀಲಗಳಿಲ್ಲ, ಎಸಿ ಇಲ್ಲ, ಮನಸ್ಸಿನಲ್ಲಿ ಜಗಳವಿಲ್ಲ, ಮುಳ್ಳು ಐವತ್ತರಲ್ಲೇ ನಿಂತಿತ್ತು. ಹಡಗಲಿ ದಾಟಿದ ಮೇಲೆ ನಂಬರು ಇಳಿಯುವ ಬದಲು ಏರಿತು. ಮನೆ ಮುಟ್ಟಿದಾಗ ತೊಂಬತ್ತು. ಅರವತ್ತೆಂಟು ಕಿಲೋಮೀಟರಿಗೆ ಬರೀ ಹತ್ತೊಂಬತ್ತು! ಗಾಡಿ ನಿಲ್ಲಿಸಿ ಅಲ್ಲೇ ಕೂತು ಲೆಕ್ಕ ಹಾಕಿದೆ. ಆ ಐವತ್ತೆಂಟು ಎನ್ನುವುದು ಬೆಳಗಿನ ಎದುರುಗಾಳಿಯ, ನನ್ನ ಸಿಟ್ಟಿನ ಸ್ಪೀಡಿನ ಸರಾಸರಿ. ಚಾರ್ಜಿಗೆ ಹಾಕದೆ ಹೊರಟಿದ್ದರೂ ಊರು ಸೇರುತ್ತಿದ್ದೆ. ಗಣಿತದ ಟೀಚರು, ಇಷ್ಟು ಹೊಳೆಯಲಿಲ್ಲ. ಹೊಳೆದಿದ್ದರೆ ಏನಾಗುತ್ತಿತ್ತು? ಎಂದಿನ ಹಾಗೆ ಒಂದು ತಾಸು ಕೂತು ಎದ್ದು ಬಂದುಬಿಡುತ್ತಿದ್ದೆ.

ಮನೆಯವರಿಗೆ ಹೇಳಲು ಹೆದರಿಕೆಯಿತ್ತು. ಅವರ ತಾಯಿಯ ಪದ್ಧತಿಯಲ್ಲವೇ? ಕೈಕಾಲು ತೊಳೆದು ಬಂದು "ಮಗಳ ಮನ್ಯಾಗ ಉಂಡು ಬಂದೆ" ಅಂದೆ.

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಪುಂಡಿಪಲ್ಯ ಚಲೋ ಮಾಡ್ತಾಳ."

"ನಿಮಗ ಹೆಂಗ ಗೊತ್ತು?"

"ನಾ ಹೋದ ವರ್ಷದಿಂದ ಉಣ್ಣಾಕತ್ತೀನಿ. ಬಸ್ಸು ಸಂಜಿ ನಾಕಕ್ಕ ಐತಿ. ಅಲ್ಲಿತನ ಹೊಟ್ಟಿ ಕಟ್ಟಿಕೊಂಡು ಕುಂದರಲೇನು?"

"ನನಗ್ಯಾಕ ಹೇಳಲಿಲ್ಲ?"

"ನಿನಗ ಹೇಳಾಕ ಧೈರ್ಯ ಬೇಕಲ್ಲ ಟೀಚರಮ್ಮ. ಮಗಳಿಗೂ ಹೇಳಬ್ಯಾಡ ಅಂದಿದ್ದೆ."

ಒಂದು ವಾರ ಆ ಮನುಷ್ಯನ ಜೊತೆ ಮಾತು ಬಿಟ್ಟೆ. ಎಂಟನೆಯ ದಿನ ನನಗೇ ನಗು ಬಂತು.

ಮಗಳಿಗೆ ಮಗು ಇನ್ನೂ ಆಗಿಲ್ಲ. ಆದರೆ ಆಗಲಿ, ಇಲ್ಲದಿದ್ದರೆ ಅವಳಿದ್ದಾಳಲ್ಲ, ನನಗೆ ಅಷ್ಟು ಸಾಕು. ಈಗ ನಾನು ಅವಳ ಮನೆಗೆ ಹೊರಡುವ ದಿನ ಗಾಡಿಯನ್ನು ಪೂರ್ತಿ ತುಂಬಿಸುವುದಿಲ್ಲ. ಹೋಗಿ ಮುಟ್ಟುವಷ್ಟು, ಅದರ ಮೇಲೆ ಸ್ವಲ್ಪ. ಮೊನ್ನೆ ಮಾಘದಲ್ಲಿ ಹೋದಾಗ ಮಗಳು ಕಿಟಕಿಯಲ್ಲಿ ತಲೆ ಹಾಕಿ ನಂಬರು ನೋಡಿದಳು. ಹದಿನಾಲ್ಕು ಇತ್ತು.

"ಗಾಳಿ ಇತ್ತೇನು ಅವ್ವ ಇವತ್ತು?" ಅಂದಳು. ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಹೂಂ, ಭಾಳ ಇತ್ತು" ಅಂದೆ.

ಅವಳು ಡಿಕ್ಕಿ ತೆಗೆದು ವೈರನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದಳು.